ತೋಟ ನೋಡಲು ಹೊರಟ ಹಳೇ ನೈಟಿ

"ಎರಡು ದಿನ! ಬರೀ ಎರಡೇ ದಿನ! ಈ ಎರಡು ದಿನ ನಾನು ಯಾರ ಅಮ್ಮನೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ!"

ಚಿಟಿಕೆಯ ಅಮ್ಮ ಅಡುಗೆಮನೆಯ ನಟ್ಟನಡುವೆ ನಿಂತು, ಸೌಟನ್ನು ರಾಜದಂಡದಂತೆ ಮೇಲೆತ್ತಿ ಹೀಗೆ ಘೋಷಿಸಿದಳು. ಸೌಟಿನ ತುದಿಯಿಂದ ಮಗುವಿನ ಗಂಜಿ ಜಾರಿ ಅವಳ ಮೂಗಿನ ಮೇಲೇ ಬಿತ್ತು. ಪಟ್ಟದ ಜೊತೆಗೆ ಅಭಿಷೇಕವೂ ಆಗಿಹೋಯಿತು!

ಚಿಟಿಕೆ ಎಂದರೆ ಒಂದೂವರೆ ವರ್ಷದ ಮಗಳು. ಹುಟ್ಟಿದಾಗ ಒಂದು ಚಿಟಿಕೆಯಷ್ಟೇ ಇದ್ದಳೆಂದು ಅಪ್ಪ ಇಟ್ಟ ಅಡ್ಡಹೆಸರು. ಈಗ ಇಡೀ ಮನೆಯನ್ನು ಬುಡಮೇಲು ಮಾಡುವಷ್ಟು ಬೆಳೆದಿದ್ದರೂ ಹೆಸರು ಮಾತ್ರ ಬೆಳೆಯಲಿಲ್ಲ. ಅವಳು ಬಂದಂದಿನಿಂದ ಅಮ್ಮ ಎರಡೂ ಕೈ ಬೀಸಿಕೊಂಡು ಹತ್ತು ಹೆಜ್ಜೆ ನಡೆದವಳಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಗುವಿನ ಚೀಲ. ಮಗು ಕೆಳಗಿಳಿದರೆ ಆ ಕೈಗೆ ಮಗುವಿನ ಚಪ್ಪಲಿ.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬಂದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ "ಕೊನೇ ಸಾಲು ಓದಿ ನೋಡೋಣ" ಎನ್ನುವುದು, ನಿದ್ದೆಗೆಟ್ಟ ತನ್ನ ಕಣ್ಣಿಗೆ ಮೊದಲ ಸಾಲೇ ಕಾಣದಿದ್ದರೂ ಗಂಭೀರವಾಗಿ ತಲೆಯಾಡಿಸುವುದು. ಅಂಗಡಿಯ ಬೆಂಚಿನ ಮೇಲೆ ಬಿದ್ದಿದ್ದ ಹಳೆಯ ಪತ್ರಿಕೆಯೊಂದರಲ್ಲಿ ಒಂದು ಊರಿನ ಬಗ್ಗೆ ಎರಡು ಪುಟ ಬಂದಿತ್ತು. ರೈಲಿನಲ್ಲಿ ಐದು ಗಂಟೆಯ ದಾರಿ. ಊರಿನ ತುಂಬ ತೋಟಗಳು. ಅವುಗಳಲ್ಲೊಂದರ ಮೂಲೆಯಲ್ಲಿ ಆ ನೆಲದ ಮೂಲನಿವಾಸಿಗಳು ತಮ್ಮ ಗಿಡಗಳನ್ನು ತಾವೇ ಬೆಳೆಸಿ ಕಾಯುತ್ತಾರಂತೆ. ಅವರ ಹಿರಿಯಳೊಬ್ಬಳು ಬಂದವರನ್ನು ಕರೆದುಕೊಂಡು ನಡೆದು, ಯಾವ ಎಲೆ ಯಾವ ನೋವಿಗೆ, ಯಾವ ನಾರು ಯಾವ ಹಗ್ಗಕ್ಕೆ ಎಂದು ಕಥೆ ಹೇಳುತ್ತಾಳಂತೆ. ಆ ಹಾಳೆಯನ್ನು ಮಾಲೀಕರನ್ನು ಕೇಳಿಯೇ ಹರಿದುಕೊಂಡು ಅವಳು ತನ್ನ ದಿನಚರಿಯೊಳಗಿಟ್ಟಳು. ಎಂಟು ತಿಂಗಳು ಬಿಚ್ಚಿ, ಮಡಿಸಿ, ಬಿಚ್ಚಿ, ಮಡಿಸಿ, ಕಾಗದ ಬಟ್ಟೆಯಷ್ಟು ಮೆತ್ತಗಾಯಿತು. ಆಸೆ ಮಾತ್ರ ಗಟ್ಟಿಯಾಗುತ್ತಲೇ ಹೋಯಿತು.

ಕೊನೆಗೂ ಮುಹೂರ್ತ ಕೂಡಿಬಂತು. ಜೊತೆಗೆ ಅಕ್ಕ. ಅಕ್ಕನ ಮಕ್ಕಳಿಬ್ಬರೂ ಹೈಸ್ಕೂಲು ಸೇರಿದ್ದರಿಂದ ಅವಳು ಈ ರಣರಂಗದ ನಿವೃತ್ತ ಸೇನಾಧಿಪತಿ. ಮಗುವನ್ನು ನೋಡಿಕೊಳ್ಳಲು ಅಪ್ಪ, ಅಜ್ಜಿ. ಹೊರಡುವ ಹಿಂದಿನ ದಿನ ಚಿಟಿಕೆಯ ಅಮ್ಮ ಒಂದು ನಿಯಮಾವಳಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಿಯಮ ಒಂದು: ಯಾರೂ ನನಗೆ ಫೋನ್ ಮಾಡಕೂಡದು. ನಿಯಮ ಎರಡು: ನಾನೇ ಫೋನ್ ಮಾಡಿ ಗೋಗರೆದರೂ ಮನೆಯ ಸುದ್ದಿ ಒಂದಕ್ಷರ ಹೇಳಕೂಡದು, ನಾನು ಮೆತ್ತಗಾಗಬಹುದು, ನೀವು ಆಗಕೂಡದು. ನಿಯಮ ಮೂರು: ಮನೆಗೆ ಬೆಂಕಿ ಬಿದ್ದರೆ ಮಾತ್ರ ವಿನಾಯಿತಿ.

"ಬೆಂಕಿ ಅಂದ್ರೆ ಎಷ್ಟು ಬೆಂಕಿ? ಒಲೆ ಲೆಕ್ಕಕ್ಕೆ ಬರುತ್ತಾ?" ಎಂದು ಗಂಡ ಕೇಳಿದ. ಅವನು ಲಿಫ್ಟುಗಳ ತಪಾಸಣೆ ಮಾಡುವವನು. ಬರೆದಿಟ್ಟ ನಿಯಮವನ್ನು ಒಂದು ಗೆರೆಯೂ ದಾಟದ ಜಾತಿ. ಅವನ ತಾಯಿಯಂತೂ ಮೂವತ್ತು ವರ್ಷ ಹೆಡ್‌ಮೇಡಂ ಆಗಿ, ಪರೀಕ್ಷಾ ಕೊಠಡಿಯಲ್ಲಿ ಕೆಮ್ಮಿದವರನ್ನೂ ಎರಡು ಸಲ ನೋಡಿದವರು. ಇಂಥವರ ಕೈಗೆ ನಿಯಮಾವಳಿ ಬರೆದುಕೊಡುವುದೆಂದರೆ ಏನೆಂದು ಆಗ ಅವಳಿಗೆ ಹೊಳೆಯಲಿಲ್ಲ. ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವವರಿಗೆ ಕಲ್ಲು ಯಾವಾಗಲೂ ಹಗುರವೇ!

ಶುಕ್ರವಾರ ಮಧ್ಯಾಹ್ನದ ರೈಲು. ಬಾಗಿಲಲ್ಲಿ ಚಿಟಿಕೆ ಅಪ್ಪನ ಹೆಗಲ ಮೇಲಿಂದ ಟಾಟಾ ಮಾಡಿತು. ಅಳಲಿಲ್ಲ. ‘ಪಾಪ, ಗೊತ್ತಾಗಿಲ್ಲ ಅದಕ್ಕೆ’ ಎಂದುಕೊಂಡಳು ಅಮ್ಮ.

ರೈಲಿನಲ್ಲಿ ಮೊದಲ ಒಂದು ಗಂಟೆ ಸ್ವರ್ಗ. ಬಿಸಿ ಬಿಸಿ ಚಹಾ, ಬಿಸಿಯಾಗಿರುವಾಗಲೇ ಕುಡಿದಳು! ಎರಡನೇ ಗಂಟೆಗೆ ತೋಳುಗಳಿಗೆ ಏನೋ ಆಗತೊಡಗಿತು. ಭಾರ ಇಳಿಸಿದ ತಕ್ಕಡಿಯ ತಟ್ಟೆಯ ಹಾಗೆ ತಾವಾಗಿಯೇ ಮೇಲೇಳುತ್ತಿದ್ದವು. ಇಳಿಯುವ ಊರು ಬಂದು ಬಾಗಿಲ ಬಳಿ ನಿಂತಾಗ, ಅವಳು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತೂಗುತ್ತಿದ್ದಳು.

"ಏನೇ ಅದು ತೂಗಾಟ?" ಅಕ್ಕ ಕೇಳಿದಳು.

"ರೈಲು ಅಲ್ಲಾಡ್ತಿದೆಯಲ್ಲ."

"ರೈಲು ನಿಂತು ಐದು ನಿಮಿಷ ಆಯ್ತು ಕಣೇ!"

ವಸತಿಗೃಹದ ಕೋಣೆ ಚಿಕ್ಕದು, ಚೊಕ್ಕ. ಎರಡು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಮರದ ತಲೆಗಳು. ಸಂಜೆ ಆರಕ್ಕೆ ಮುಖ ತೊಳೆದುಕೊಳ್ಳಲು ಟವೆಲ್ಲಿಗೆಂದು ಬ್ಯಾಗಿನೊಳಗೆ ಕೈಹಾಕಿದಳು. ಟವೆಲ್ಲಿನ ಕೆಳಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದಳು.

ಹಳೇ ನೈಟಿ!

ಈ ನೈಟಿಯ ಮಹಿಮೆ ಹೇಳದಿದ್ದರೆ ಕಥೆ ಮುಂದೆ ಹೋಗದು. ಬಸುರಿಯಾಗಿದ್ದಾಗ ಕೊಂಡದ್ದು. ಒಂದು ಕಾಲಕ್ಕೆ ಅದರ ಮೇಲೆ ನೀಲಿ ಹೂಗಳಿದ್ದವು. ಒಗೆದೂ ಒಗೆದೂ ಹೂವೆಲ್ಲ ಉದುರಿ ಈಗ ತೊಟ್ಟುಗಳು ಉಳಿದಿದ್ದವು. ಮೊಣಕೈಯಲ್ಲಿ ಕಿಟಕಿ, ಬಗಲಲ್ಲಿ ಬಾಗಿಲು. ಆದರೆ ಚಿಟಿಕೆಗೆ ನಿದ್ದೆ ಬರಬೇಕಾದರೆ ಇದರ ಅಂಚು ಮುಷ್ಟಿಯಲ್ಲಿರಬೇಕು, ಇಲ್ಲದಿದ್ದರೆ ಓಣಿಗೆ ಓಣಿಯೇ ಎಚ್ಚರ ಎಂಬುದು ಅಮ್ಮನ ಅಚಲ ನಂಬಿಕೆ. ಅದಕ್ಕೇ ಹೊರಡುವಾಗ ತಾನೇ ಕೈಯಾರೆ ಮಡಿಸಿ ಮಗುವಿನ ದಿಂಬಿನ ಮೇಲಿಟ್ಟಿದ್ದಳು. ಅದೀಗ ಐದು ಗಂಟೆಯ ದಾರಿ ಬಂದು ಇಲ್ಲಿ ಕೂತಿದೆ!

"ಇದು ನಮ್ಮನೆಯವರದೇ ಕೆಲಸ! ನಾನು ಮರೆತೆ ಅಂದ್ಕೊಂಡು ಬ್ಯಾಗಿಗೆ ತುರುಕಿದ್ದಾರೆ! ಅಕ್ಕಾ, ಇನ್ನು ಎರಡು ಗಂಟೆಗೆ ಅದಕ್ಕೆ ಮಲಗೋ ಹೊತ್ತು!"

ಫೋನು ಹಚ್ಚಿದಳು. ಎತ್ತಿದ್ದು ಹೆಡ್‌ಮೇಡಂ.

"ಅತ್ತೇ, ಚಿಟಿಕೆ ಹೇಗಿ..."

"ಯಾರು ಮಾತಾಡ್ತಿರೋದು?"

"ನಾನೇ ಅತ್ತೆ, ನಿಮ್ಮ ಸೊಸೆ!"

"ನನ್ನ ಸೊಸೆ ಎರಡು ದಿನ ಯಾರ ಸೊಸೆಯೂ ಅಲ್ಲ ಅಂತ ಹೇಳಿ ಹೋಗಿದ್ದಾಳಲ್ಲಮ್ಮ."

"ಅಯ್ಯೋ, ಅದು ಮಾತಿಗೆ ಹೇಳಿದ್ದು! ಮಗು ಅಳ್ತಿದ್ಯಾ? ಅಷ್ಟು ಹೇಳಿ ಸಾಕು."

"ನಿಯಮ ಎರಡು."

"ಆ ನಿಯಮ ಬರೆದವಳೇ ನಾನು! ನಾನೇ ರದ್ದು ಮಾಡ್ತಿದ್ದೀನಿ!"

"ನೀನು ಹೀಗಂತೀಯ ಅಂತ ನೀನೇ ಬರೆದಿಟ್ಟಿದ್ದೀಯಲ್ಲ, ‘ನಾನು ಮೆತ್ತಗಾಗಬಹುದು’ ಅಂತ. ಅಕ್ಷರ ದುಂಡಗಿದೆ. ಇಡ್ತೀನಿ."

ಫೋನು ಕಟ್. ಗಂಡನಿಗೆ ಸಂದೇಶ ಕಳಿಸಿದಳು: "ನೈಟಿ ನನ್ನ ಹತ್ರ ಇದೆ!!!" ಒಂದು ನಿಮಿಷಕ್ಕೆ ಉತ್ತರ ಬಂತು: "ಗೊತ್ತು. ಬೆಂಕಿ ಇಲ್ಲ."

"ನೋಡಿದ್ಯಾ ಅಕ್ಕಾ! ಗೊತ್ತು ಅಂತೆ! ಅಂದ್ರೆ ಆಗಲೇ ಹುಡುಕಿದ್ದಾರೆ. ಸಿಕ್ಕಿಲ್ಲ. ಮಗು ಅತ್ತೂ ಅತ್ತೂ ಗಂಟಲು ಕಟ್ಟಿರುತ್ತೆ. ಅದಕ್ಕೇ ಫೋನಲ್ಲಿ ಸದ್ದೇ ಕೇಳಿಸ್ಲಿಲ್ಲ!"

"ಅತ್ತರೂ ಸಂಕಟ, ಅಳದಿದ್ರೂ ಸಂಕಟ. ನಿನ್ನಂಥವರಿಗೆ ರಜೆ ಕೊಟ್ಟವರು ಯಾರೇ?" ಎಂದು ಅಕ್ಕ ಮಗ್ಗುಲು ಬದಲಿಸಿದಳು.

ಮಾರನೆಯ ಬೆಳಗ್ಗೆ, ಕದ ತೆರೆಯುವುದಕ್ಕೂ ಮುಂಚೆ, ಚಿಟಿಕೆಯ ಅಮ್ಮ ಕೊರಿಯರ್ ಅಂಗಡಿಯ ಮುಂದೆ ಹಾಜರು. ಗುಮಾಸ್ತ ಪೆನ್ನಿನ ಟೋಪಿ ತೆಗೆದ.

"ಒಳಗೇನಿದೆ?"

"ನೈಟಿ."

"ಹೊಸದಾ?"

"ಹಳೇದು."

ಅವನು ಎರಡು ಬೆರಳಲ್ಲಿ ಅದನ್ನೆತ್ತಿ ಬೆಳಕಿಗೆ ಹಿಡಿದ. ಮೊಣಕೈಯ ಕಿಟಕಿಯಿಂದ ಅವನ ಕಣ್ಣು ಅವಳನ್ನೇ ನೋಡಿತು. ಆಮೇಲೆ ಬಗ್ಗಿ, ಚೀಟಿಯ ಮೇಲೆ ಬರೆದ: ‘ಒರೆಸುವ ಬಟ್ಟೆ, ಒಂದು’.

"ಏನ್ರೀ ಬರೀತಿದ್ದೀರಾ! ಇದಿಲ್ಲದೆ ಒಂದು ಜೀವ ನಿದ್ದೆ ಮಾಡಲ್ಲ, ಗೊತ್ತಾ?"

"ಹಾಗಾದ್ರೆ ಔಷಧಿ ಅಂತ ಬರೀಲಾ?"

"ಏನಾದ್ರೂ ಬರೀರಿ! ಯಾವಾಗ ತಲುಪುತ್ತೆ?"

"ಸೋಮವಾರ."

"ನಾನೇ ಭಾನುವಾರ ಮನೆಗೆ ಹೋಗ್ತೀನಲ್ರೀ!"

"ಹಾಗಾದ್ರೆ ನೀವೇ ನಮಗಿಂತ ವೇಗದ ಕೊರಿಯರ್ ಮೇಡಂ" ಎಂದು ಅವನು ಪೆನ್ನಿಗೆ ಟೋಪಿ ಹಾಕಿದ.

ಹೀಗೆ ನೈಟಿ ಕೈಚೀಲ ಸೇರಿ, ಎಂಟು ತಿಂಗಳು ಕನಸು ಕಂಡ ತೋಟಕ್ಕೆ ಅವಳ ಜೊತೆಯಲ್ಲೇ ಹೊರಟಿತು.

ತೋಟ ಚಂದವಿತ್ತು. ಬಹಳ ಚಂದವಿತ್ತು. ಆದರೆ ಅವಳ ಕಣ್ಣು ಮೊಣಕಾಲಿನಿಂದ ಮೇಲಕ್ಕೆ ಏಳಲೇ ಇಲ್ಲ. ಎಲ್ಲರೂ ತಲೆಯೆತ್ತಿ ಮರ ನೋಡುತ್ತಿದ್ದರೆ ಅವಳಿಗೆ ಕಂಡದ್ದು ಬಾಯಿಗೆ ಹಾಕಿಕೊಳ್ಳುವ ಅಳತೆಯ ಬೆಣಚುಕಲ್ಲುಗಳು, ಮುಚ್ಚಳವಿಲ್ಲದ ಚರಂಡಿ, ಪುಟ್ಟ ಬೆರಳು ಸಿಕ್ಕಿಕೊಳ್ಳುವಂಥ ಗೇಟಿನ ಸಂದು. ಕೊಳದ ಬಾತುಕೋಳಿಯೊಂದು ಹಿಂಭಾಗ ಕುಣಿಸುತ್ತ ಅವಳ ಮುಂದೆ ಹಾದುಹೋಯಿತು, ಥೇಟ್ ಡೈಪರ್ ಹಾಕಿಕೊಂಡ ಚಿಟಿಕೆ! "ನೋಡು ನೋಡು..." ಎಂದು ಕೆಳಗೆ ಬಗ್ಗಿದಳು. ಕೆಳಗೆ ಯಾರೂ ಇರಲಿಲ್ಲ. ಬಗ್ಗಿದವಳು ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಸ್ವಲ್ಪ ಹೊತ್ತು ಹಾಗೇ ಇದ್ದಳು.

ಮೂಲನಿವಾಸಿಗಳ ತೋಟದ ಬಾಗಿಲಲ್ಲಿ ಅಜ್ಜಿಯೊಬ್ಬಳು ನಿಂತಿದ್ದಳು. ಕುಳ್ಳು, ಗಟ್ಟಿ, ಬೆಳ್ಳಿಕೂದಲು, ನಗುವ ಕಣ್ಣು. ಬಂದಿದ್ದ ಹನ್ನೆರಡು ಜನರನ್ನೂ ಒಂದು ಸುತ್ತು ನೋಡಿ ಶುರುಮಾಡಿದಳು.

"ಈ ಗೋಡೆ ಬರೋಕೆ ಮುಂಚೆ ಇದೆಲ್ಲಾ ನಮ್ಮ ಅಡುಗೆಮನೆ. ಆ ಮರ ಔಷಧಿ ಅಂಗಡಿ. ಈ ಬಂಡೆ ಸ್ಕೂಲು. ಈಗ ಟಿಕೆಟ್ ಇಟ್ಟಿದ್ದಾರೆ. ನಮ್ಮ ಅಡುಗೆಮನೆಗೆ ನಾವೇ ದುಡ್ಡು ಕೊಡೋದು ಹೇಗೆ ಅಂತ ನಾನು ದಾರಿ ತೋರಿಸೋ ಕೆಲಸಕ್ಕೆ ಸೇರಿಬಿಟ್ಟೆ!"

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು, ಆದರೆ ಅವಳ ನಗು ಎಲ್ಲರಿಗಿಂತ ಮೊದಲೇ ಮುಗಿಯಿತು. ಎಲೆಯೊಂದನ್ನು ಸೀಳಿ, ತೊಡೆಯ ಮೇಲೆ ಹೊಸೆದು, ಮಾತಾಡುತ್ತಲೇ ಮೊಳದುದ್ದ ಹುರಿ ಮಾಡಿದಳು. ತಮ್ಮವರನ್ನೆಲ್ಲ ಇಲ್ಲಿಂದ ಎಬ್ಬಿಸಿ ದೂರಕ್ಕೆ ಸಾಗಿಸಿದಾಗ ತನ್ನ ಅಜ್ಜಿ ಸೆರಗಿನ ತುದಿಯಲ್ಲಿ ಈ ಎಲೆಯನ್ನೇ ಕಟ್ಟಿಕೊಂಡು ಹೋದದ್ದನ್ನು ಹೇಳಿದಳು. "ದಿನಾ ಸಂಜೆ ಗಂಟು ಬಿಚ್ಚಿ ಮೂಸೋಳಂತೆ. ಮೂಸಿ, ‘ಹಾಂ, ಬಂದೆ’ ಅನ್ನೋಳಂತೆ. ಕಾಲಿಗೆ ದಾರಿ ಮರೆತ್ರೂ ಮೂಗಿಗೆ ಮರೆಯಲ್ಲ."

ಚಿಟಿಕೆಯ ಅಮ್ಮನ ಕೈ ಚೀಲದ ಮೇಲೆ ಬಿಗಿಯಾಯಿತು.

"ಈಗ ಕಣ್ಣು ಮುಚ್ಕೊಳ್ಳಿ, ಒಂದೊಂದೇ ಎಲೆ ಕೊಡ್ತೀನಿ, ಮೂಸಿ. ಒಂದಾದ ಮೇಲೆ ಇನ್ನೊಂದಕ್ಕೆ ಹೋಗೋಕೆ ಮುಂಚೆ ನಿಮ್ಮದೇ ಬಟ್ಟೆ ಮೂಸ್ಬೇಕು. ಅದು ಮೂಗು ತೊಳೆಯೋ ನಮ್ಮ ಪದ್ಧತಿ. ನೀನ್ಯಾರು, ಎಲೆ ಯಾರು ಅಂತ ಮೂಗಿಗೆ ಗೊತ್ತಾಗ್ಬೇಕಲ್ಲ!"

ಮೊದಲನೆಯ ಎಲೆ ನಿಂಬೆಯಂತಿತ್ತು. ಎರಡನೆಯದಕ್ಕೆ ಮುಂಚೆ, ಕಣ್ಣು ಮುಚ್ಚಿಕೊಂಡೇ, ಶಾಲು ಎಂದುಕೊಂಡು ಅವಳು ಚೀಲದಿಂದ ಎಳೆದದ್ದು ನೈಟಿ. ಮೂಗಿಗೆ ಒತ್ತಿಕೊಂಡಳು. ಹಾಲು. ಜೊಲ್ಲು. ಪೌಡರು. ಬಿಸಿಲಿಗೆ ಒಣಗಿದರೂ ಹೋಗದ ಆ ಬೆಚ್ಚನೆಯ ಹುಳಿ ವಾಸನೆ, ಮಗುವಿನ ಕತ್ತಿನ ಮಡಿಕೆಯದು. ಅಷ್ಟೇ! ಒಂದೂವರೆ ವರ್ಷದಿಂದ ಪುರುಸೊತ್ತಿಲ್ಲದೆ ಬಾಕಿ ಉಳಿದಿದ್ದ ಅಳುವೆಲ್ಲ ಒಟ್ಟಿಗೇ ಕಟ್ಟೆಯೊಡೆಯಿತು.

ಹನ್ನೊಂದು ಜನ ಕಣ್ಣುಬಿಟ್ಟರು. ಅವಳ ಒಂದು ಕೈಯಲ್ಲಿ ಎರಡನೆಯ ಎಲೆ.

"ಅಬ್ಬಾ! ಏನು ಪವರ್ ರೀ ಈ ಎಲೆಗೆ!" ಎಂದರು ದೊಡ್ಡ ಟೋಪಿಯ ಯಜಮಾನರೊಬ್ಬರು. "ನನಗೂ ಕೊಡಿ! ಹೆಂಡತಿ ಹೋದಾಗ್ಲೂ ಅಳೋಕಾಗ್ಲಿಲ್ಲ ನನಗೆ!" ಮೂಸಿದರೆ ಸಾಲದೆಂದು ಬಾಯಿಗೇ ಹಾಕಿ ಜಗಿದುಬಿಟ್ಟರು. ಅವರನ್ನು ನೋಡಿ ಇನ್ನಿಬ್ಬರು ಗಿಡಕ್ಕೇ ಕೈಹಾಕಿದರು.

"ಏಯ್! ಬಿಡ್ರೋ! ಅದು ಹಲ್ಲುನೋವಿಗೆ!" ಅಜ್ಜಿ ಕೂಗುವಷ್ಟರಲ್ಲಿ ಯಜಮಾನರ ನಾಲಿಗೆ ಮರಗಟ್ಟಿ ಹಲಗೆಯಾಗಿತ್ತು. ಮುಂದಿನ ಒಂದು ಗಂಟೆ ಅವರು ಕೈಸನ್ನೆಯಲ್ಲೇ ತೋಟ ನೋಡಿದರು. ಅಕ್ಕ ಮಾತ್ರ ತನಗೂ ಈ ಅಳುವವಳಿಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಒಂದು ಬೋರ್ಡನ್ನು ಮೂರನೇ ಸಲ ಓದುತ್ತಿದ್ದಳು.

ಅಜ್ಜಿ ಅವಳನ್ನು ಬಂಡೆಯ ಮೇಲೆ ಕೂರಿಸಿ ನೈಟಿಯನ್ನು ಕೈಗೆ ತೆಗೆದುಕೊಂಡಳು. "ಯಾರದಿದು?"

"ಮಗುವಿಂದು ಅಜ್ಜಿ. ಅಂದ್ರೆ ನಂದೇ. ಇದಿಲ್ಲದೆ ಅದು ಮಲಗಲ್ಲ. ನಾನಿಲ್ಲಿ ಎಲೆ ಮೂಸ್ತಾ ಕೂತಿದ್ದೀನಿ, ಅಲ್ಲಿ ಅದು ಏನ್ಮಾಡ್ತಿದ್ಯೋ..."

ಅಜ್ಜಿ ಮೂಸಿ ನೋಡಿದಳು, ನಿಧಾನವಾಗಿ, ಎಲೆ ಮೂಸುವ ಹಾಗೆಯೇ. "ಮಗುವಿಗೆ ಬೇಕಾಗಿರೋದು ನಿನ್ನ ವಾಸನೆ ಅಂತೀಯ. ಇದರಲ್ಲಿ ಪೂರಾ ಮಗುವಿನ ವಾಸನೆಯೇ ಇದೆಯಲ್ಲೇ ತಾಯಿ!" ಎಂದು ನಕ್ಕು, ನೈಟಿಯನ್ನು ಸುರುಳಿ ಸುತ್ತಿ, ಹೊಸೆದಿದ್ದ ಹುರಿಯಿಂದ ಕಟ್ಟಿ ವಾಪಸು ಕೊಟ್ಟಳು. "ಎದ್ದೇಳು. ಇನ್ನೂ ಹದಿನಾಲ್ಕು ಗಿಡ ಬಾಕಿ ಇವೆ. ಅವೂ ನಿನ್ನನ್ನೇ ಕಾಯ್ತಿವೆ."

ಅವಳು ಎದ್ದಳು. ಎರಡೂ ಕೈ ಬೀಸಿ ನಡೆಯುವ ಆಸೆಯಿಂದ ಬಂದವಳು, ಒಂದು ಕೈಯನ್ನು ಚೀಲದೊಳಗಿಟ್ಟುಕೊಂಡೇ ಹದಿನಾಲ್ಕೂ ಗಿಡ ನೋಡಿದಳು.

ಸಂಜೆ ಮತ್ತೆ ಫೋನು.

"ಅತ್ತೆ, ಒಂದೇ ಒಂದು ಮಾತು. ಹ್ಞೂಂ ಅನ್ನಿ, ಇಲ್ಲ ಊಹೂಂ ಅನ್ನಿ. ನಿನ್ನೆ ಮಗು ಮಲಗ್ತಾ?"

"ಹ್ಞೂಂ, ಊಹೂಂ ಅನ್ನೋದೂ ಉತ್ತರವೇ ಅಮ್ಮಾ. ಪರೀಕ್ಷೆಯಲ್ಲಿ ಅದಕ್ಕೂ ಅಂಕ ಕೊಡ್ತಿದ್ವಿ. ಮನೆಗೆ ಬೆಂಕಿ ಬಿದ್ದಿಲ್ಲ. ತೋಟ ನೋಡು."

ಭಾನುವಾರ ಇನ್ನೊಂದು ದೊಡ್ಡ ತೋಟ ಬಾಕಿಯಿತ್ತು. ಚಿಟಿಕೆಯ ಅಮ್ಮ ಬೆಳಗಿನ ಮೊದಲ ರೈಲಿಗೇ ಹೊರಟು ನಿಂತಳು.

"ಎಂಟು ತಿಂಗಳು ಆ ಕಾಗದ ಸವೆಸಿದ್ಯಲ್ಲೇ, ಒಂದು ತೋಟಕ್ಕೇ ಸಾಕಾಯ್ತಾ?"

"ನನ್ನ ಪಾಲಿಂದೂ ನೀನೇ ನೋಡ್ಕೊಂಡು ಬಾ ಅಕ್ಕಾ."

"ನೋಡ್ತೀನಿ. ನನ್ನ ಮಕ್ಕಳು ಹಿಡ್ಕೊಂಡು ಮಲಗೋದು ಫೋನು. ಅದನ್ನು ಅವರೇ ಚಾರ್ಜ್ ಮಾಡ್ಕೋತಾರೆ" ಎಂದಳು ಅಕ್ಕ. ಆದರೂ ಸ್ಟೇಷನ್ನಿನವರೆಗೆ ಬಂದಳು. ರೈಲು ಹೊರಟಾಗ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, "ಅವರೂ ಒಂದು ಕಾಲಕ್ಕೆ ನನ್ನ ದುಪಟ್ಟಾ ಹಿಡ್ಕೋತಿದ್ರು ಕಣೇ" ಎಂದು ಕೂಗಿದಳು.

ಐದು ಗಂಟೆಯ ದಾರಿ ಅವಳಿಗೆ ಐದು ಯುಗವಾಯಿತು. ಮಧ್ಯಾಹ್ನ ಮನೆಯ ಬಾಗಿಲು ತಳ್ಳಿದರೆ ಸದ್ದಿಲ್ಲ. ಕೋಣೆಗೆ ಓಡಿದಳು. ಮಂಚದ ಮೇಲೆ ಚಿಟಿಕೆ ಕೈಕಾಲು ಚೆಲ್ಲಿ, ಬಾಯಿ ಅರ್ಧ ತೆರೆದು, ಗೊರಕೆಯ ಮರಿಯೊಂದನ್ನು ಹೊರಡಿಸುತ್ತ ಗಾಢ ನಿದ್ದೆಯಲ್ಲಿತ್ತು. ಮುಷ್ಟಿಯಲ್ಲಿ ಏನೂ ಇರಲಿಲ್ಲ. ಮುಷ್ಟಿಯೇ ಇರಲಿಲ್ಲ! ಬೆರಳುಗಳು ಹೂವಿನಂತೆ ಬಿಚ್ಚಿಕೊಂಡಿದ್ದವು.

ಪಕ್ಕದ ಕುರ್ಚಿಯಲ್ಲಿ ಗಂಡ ಬೆರಳನ್ನು ತುಟಿಗಿಟ್ಟುಕೊಂಡ.

"ಏನು ಹಿಡ್ಕೊಂಡು ಮಲಗಿತು?" ಅವಳು ಪಿಸುಗುಟ್ಟಿದಳು.

"ಏನೂ ಇಲ್ಲ. ಮಲಗಿಸಿದೆ, ಮಲಗಿತು."

"ಮೊನ್ನೆ?"

"ಮಲಗಿತು."

"ನಿನ್ನೆ?"

"ಬೇಗನೇ ಮಲಗಿತು."

ಇದಕ್ಕಾಗಿ ತಾನೇ ಅವಳು ದಾರಿಯುದ್ದಕ್ಕೂ ಬೇಡಿಕೊಂಡಿದ್ದು? ಬೇಡಿದ್ದೇ ಸಿಕ್ಕಿತ್ತು. ಆದರೂ ಎಲ್ಲ ತಾಯಂದಿರೂ ಮಾಡುವ ಕೆಲಸವನ್ನೇ ಅವಳೂ ಮಾಡಿದಳು: ಕೋಪ ಮಾಡಿಕೊಂಡಳು.

"ಅಷ್ಟು ಜೋಪಾನವಾಗಿ ದಿಂಬಿನ ಮೇಲಿಟ್ಟಿದ್ದೆ! ಯಾಕ್ರೀ ಅದನ್ನ ನನ್ನ ಬ್ಯಾಗಿಗೆ ಹಾಕಿದ್ರಿ? ನಾನು ಮರೆತೆ ಅಂದ್ಕೊಂಡ್ರಾ?"

"ಇಲ್ಲ. ನಿನಗೆ ಅಂತಲೇ ಹಾಕಿದೆ."

"ನನಗಾ?"

"ಚಿಟಿಕೆ ಅದನ್ನ ಐದು ನಿಮಿಷಕ್ಕೆ ಕೈಬಿಡುತ್ತೆ ಕಣೇ, ಎರಡು ತಿಂಗಳಿಂದ. ಆಮೇಲೆ ಬೆಳಗಿನ ತನಕ ಕೆನ್ನೆಗೆ ಒತ್ಕೊಂಡು ಮಲಗೋದು ನೀನು. ಒಂದಿನ ಒಗೆಯೋಕೆ ಹಾಕಿದ್ದಾಗ ನೀನು ರಾತ್ರಿ ಮೂರು ಸಲ ಎದ್ದು ಕೂತಿದ್ದೆ. ಹೊಸ ಜಾಗದಲ್ಲಿ ನಿನಗೆ ನಿದ್ದೆ ಬರಲ್ಲ ಅಂತ ಹಾಕಿದೆ." ತಡೆದು ಕೇಳಿದ, "ಬಂತಾ?"

ಬಂದಿತ್ತು. ಎರಡೂ ದಿನ, ನೈಟಿಯನ್ನು ಮೂಗಿಗೆ ಒತ್ತಿಕೊಂಡು, ಮಗುವಿಗಾಗಿ ಮರುಗುತ್ತ ಮರುಗುತ್ತಲೇ, ಕೊರಡಿನ ಹಾಗೆ ಮಲಗಿದ್ದಳು. ಆದರೆ ಒಪ್ಪಿಕೊಳ್ಳುವುದುಂಟೇ!

"ಸುಳ್ಳು! ಶುದ್ಧ ಸುಳ್ಳು!" ಎಂದು ಅವಳು ಕಿರುಚಿದ್ದಕ್ಕೆ ಚಿಟಿಕೆ ಕಣ್ಣುಬಿಟ್ಟಿತು.

ಬಾಗಿಲಲ್ಲಿ ಹೆಡ್‌ಮೇಡಂ ಪ್ರತ್ಯಕ್ಷರಾದರು. "ಎರಡು ದಿನದಲ್ಲಿ ಮಗುವಿಗೆ ಒಂದು ಸಲವೂ ನಿದ್ದೆಯ ನಡುವೆ ಎಚ್ಚರ ಆಗಿರಲಿಲ್ಲ. ಬಂದ್ಯಾ ಅಮ್ಮಾ?"

ಚಿಟಿಕೆ ಎದ್ದು ಕೂತಿತು. ಅಮ್ಮನನ್ನು ನೋಡಿತು. ಮುಖವೆಲ್ಲ ನಗುವಾಗಿ, ಮಂಚದ ಮೇಲೆ ತೂರಾಡುತ್ತ ಬಂದು ಕೊರಳಿಗೆ ಜೋತುಬಿತ್ತು. ಅಮ್ಮ ಕಣ್ಣುಮುಚ್ಚಿ, ಆ ಕತ್ತಿನ ಮಡಿಕೆಯಲ್ಲಿ ಮೂಗಿಟ್ಟು ಉಸಿರೆಳೆದುಕೊಂಡಳು. ಹಾಂ, ಬಂದೆ.

ಅಷ್ಟರಲ್ಲಿ ಮಗುವಿಗೆ ಅಮ್ಮನ ಕೈಚೀಲದಿಂದ ಇಣುಕುತ್ತಿದ್ದ ನೈಟಿ ಕಂಡಿತು. "ನೋಡಿ ನೋಡಿ, ಈಗ ಹಿಡ್ಕೊಳ್ಳುತ್ತೆ!" ಎಂದಳು ಅಮ್ಮ, ಗೆದ್ದವಳಂತೆ. ಚಿಟಿಕೆ ಅದನ್ನು ಎರಡೂ ಕೈಯಲ್ಲಿ ಎಳೆದುಕೊಂಡಿತು. ತನ್ನ ಕೆನ್ನೆಗೆ ಇಟ್ಟುಕೊಳ್ಳಲಿಲ್ಲ. ಅಮ್ಮನ ಕೆನ್ನೆಗೆ ಒತ್ತಿ, ಅವಳ ತಲೆಯನ್ನು ದಿಂಬಿನ ಕಡೆಗೆ ದಬ್ಬಿ, ಅಂಗೈಯಲ್ಲಿ ಬೆನ್ನು ತಟ್ಟಿತು.

"ಅಮ್ಮ, ಜೋ! ಜೋ!"

ಗಂಡ ಗೋಡೆಯ ಕಡೆ ತಿರುಗಿಕೊಂಡ. ಅವನ ಹೆಗಲು ಕುಲುಕುತ್ತಿತ್ತು.

"ದೊಡ್ಡವರು ಹೇಳಿದ ಮಾತು ಕೇಳಮ್ಮಾ" ಎಂದು ಹೆಡ್‌ಮೇಡಂ ಪರದೆ ಎಳೆದರು. "ಮಲಗು!"

ಬರೀ ಒಂದು ನಿಮಿಷ, ಮಗುವಿನ ಸಮಾಧಾನಕ್ಕೆ ಎಂದುಕೊಂಡು ಚಿಟಿಕೆಯ ಅಮ್ಮ ಕಣ್ಣು ಮುಚ್ಚಿದಳು. ಚಿಟಿಕೆ ಮಂಚದಿಂದಿಳಿದು ಆಟಕ್ಕೆ ಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ.